ಸತ್ಯಜಿತ್ ರೇ ಅವರ ಕೊನೆಯ ಚಿತ್ರ ‘ಆಗಂತುಕ್’: ಪರೀಕ್ಷೆಗೆ ಕೂತವರು ಯಾರು?

ಬಸವನಗುಡಿ ವಾಸಿ

ಕಳೆದ ಭಾನುವಾರ ಬನಶಂಕರಿಯ ಗೆಳೆಯರೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಕೂಡಿ ಸತ್ಯಜಿತ್ ರೇ ಅವರ ಕೊನೆಯ ಚಿತ್ರ ‘ಆಗಂತುಕ್’ ನೋಡಿದೆವು. ಚಿತ್ರ ಮುಗಿದು ಕಾಫಿ ಬರುವಷ್ಟರಲ್ಲಿ ತೀರ್ಪೂ ಬಂದಿತ್ತು. ದೊಡ್ಡ ನಿರ್ದೇಶಕರು, ಆದರೆ ಆರೋಗ್ಯ ಕೈಕೊಟ್ಟಿದ್ದ ಕಾಲ. ಹೊರಾಂಗಣದಲ್ಲಿ ಓಡಾಡಿ ಚಿತ್ರೀಕರಿಸುವ ಶಕ್ತಿ ಉಳಿದಿರಲಿಲ್ಲ. ಆದ್ದರಿಂದ ಒಂದು ಮನೆ, ನಾಲ್ಕು ಕುರ್ಚಿ, ಬೇಕಾದಷ್ಟು ಮಾತು. ಈ ರಿಯಾಯಿತಿಯ ಮೆಚ್ಚುಗೆಯನ್ನು ನಾನು ಒಪ್ಪಲಾರೆ. ಅಂದು ಅಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆರೋಗ್ಯದ ಸಂಗತಿ ಸುಳ್ಳಲ್ಲ. 1983ರಲ್ಲಿ ‘ಘರೇ ಬಾಯಿರೆ’ ಚಿತ್ರದ ಕೆಲಸ ನಡೆದಿದ್ದಾಗಲೇ ರೇ ಅವರಿಗೆ ಹೃದಯಾಘಾತವಾಯಿತು. ಆ ಬಳಿಕ ಕೆಲವು ವರ್ಷ ಅವರು ಕಥಾಚಿತ್ರದ ಕೆಲಸವನ್ನೇ ಕೈಗೆತ್ತಿಕೊಳ್ಳಲಿಲ್ಲ. ಮತ್ತೆ ಬಂದದ್ದು 1989ರ ‘ಗಣಶತ್ರು’ವಿನೊಂದಿಗೆ, ಅದೂ ವೈದ್ಯರು ಹಾಕಿಕೊಟ್ಟ ಗೆರೆಯೊಳಗೆ, ಸ್ಟುಡಿಯೋದಲ್ಲಿ ಎಬ್ಬಿಸಿದ ಮನೆಗಳ ನಡುವೆ. 1990ರಲ್ಲಿ ‘ಶಾಖಾ ಪ್ರಶಾಖಾ’, 1991ರಲ್ಲಿ ‘ಆಗಂತುಕ್’. 1992ರ ಏಪ್ರಿಲ್ 23ರಂದು ಅವರು ತೀರಿಕೊಂಡರು. ‘ಚಾರುಲತಾ’ ಕಾಲದಿಂದ ಸ್ವತಃ ಕ್ಯಾಮೆರಾ ಹಿಂದೆ ನಿಲ್ಲುತ್ತಿದ್ದ ಮನುಷ್ಯನಿಗೆ ಇದು ಸಣ್ಣ ಕಟ್ಟುಪಾಡಲ್ಲ. ಆದರೆ ಕಟ್ಟುಪಾಡು ಇತ್ತೆಂದು ಹೇಳುವುದು ಬೇರೆ, ಚಿತ್ರ ಅದರಿಂದಾಗಿಯೇ ಬಡವಾಯಿತೆಂದು ಹೇಳುವುದು ಬೇರೆ.

ಕತೆ ತಿಳಿಯದವರಿಗಾಗಿ ಎರಡು ಮಾತು. ಕಲ್ಕತ್ತೆಯ ಅನುಕೂಲಸ್ಥ ಮನೆಯೊಂದರ ಗೃಹಿಣಿ ಅನಿಲಾಳಿಗೆ ಒಂದು ಕಾಗದ ಬರುತ್ತದೆ. ಬರೆದವರು ಅವಳ ಸೋದರಮಾವ ಮನಮೋಹನ ಮಿತ್ರ; ಮೂವತ್ತೈದು ವರ್ಷಗಳ ಹಿಂದೆ ಮನೆ ಬಿಟ್ಟು ಹೋದವರು, ಈಗ ಕೆಲವು ದಿನ ಉಳಿದುಕೊಳ್ಳಲು ಬರುತ್ತಿದ್ದಾರೆ. ಅವರು ಹೋದಾಗ ಅನಿಲಾ ಪುಟ್ಟ ಮಗು. ಬರುವವರು ನಿಜವಾದ ಮಾವನೋ ವೇಷ ಹಾಕಿಕೊಂಡು ಬಂದ ಮೋಸಗಾರನೋ ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಗಂಡ ಸುಧೀಂದ್ರನಿಗೆ ಮೊದಲ ಕ್ಷಣದಿಂದಲೇ ಅನುಮಾನ. ಅತಿಥಿ ಬರುವ ಮುನ್ನ ಮನೆಯಲ್ಲಿರುವ ಬೆಲೆಬಾಳುವ ಕಲಾವಸ್ತುಗಳ ಚಿಂತೆ ಶುರುವಾಗುತ್ತದೆ. ಹನ್ನೊಂದರ ಆಸುಪಾಸಿನ ಮಗ ಸಾತ್ಯಕಿಗೆ ಮಾತ್ರ ಇದೊಂದು ಸೊಗಸಾದ ಸಾಹಸ.

ಇಂಥ ಕತೆ ಮನೆಯೊಳಗಲ್ಲದೆ ಇನ್ನೆಲ್ಲಿ ನಡೆಯಬೇಕು? ಪ್ರಪಂಚವನ್ನೆಲ್ಲ ಸುತ್ತಿದವನು ಬಂದು ನಾಲ್ಕು ಗೋಡೆಗಳ ನಡುವೆ ಕೂರುತ್ತಾನೆ; ನಾಲ್ಕು ಗೋಡೆ ದಾಟದವರು ಅವನನ್ನು ಅಳೆಯಲು ಹೊರಡುತ್ತಾರೆ. ಆ ಸೋಫಾ, ಆ ಗಾಜಿನ ಕಪಾಟು, ಆ ಊಟದ ಮೇಜು ಇವೆಲ್ಲ ಚಿತ್ರೀಕರಣದ ಅನುಕೂಲಕ್ಕೆ ಒದಗಿಬಂದ ವಸ್ತುಗಳಲ್ಲ, ಆರೋಪಿಯ ಪಂಜರದ ಕಂಬಿಗಳು. ಪಂಜರದ ಒಳಗಿರುವವರು ಯಾರೆಂಬುದು ಮಾತ್ರ ನಿಧಾನವಾಗಿ ಅದಲು ಬದಲಾಗುತ್ತದೆ. ಮಾವ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಹಿಡಿದು ನಾವು ಚಿತ್ರದೊಳಗೆ ಹೋಗುತ್ತೇವೆ. ಈ ಮನೆಯವರು ಎಂಥವರು ಎಂಬ ಪ್ರಶ್ನೆಯೊಂದಿಗೆ ಹೊರಬರುತ್ತೇವೆ. ನನ್ನ ದೃಷ್ಟಿಯಲ್ಲಿ ಚಿತ್ರದ ತಿರುಳು ಇಷ್ಟೇ, ಮತ್ತು ಅದನ್ನು ಹೇಳಲು ಬೇಕಾದದ್ದು ಒಂದು ದಿವಾನಖಾನೆ ಮಾತ್ರ.

ಬ್ಯಾರಿಸ್ಟರ್ ಪೃಥ್ವೀಶನ ದೃಶ್ಯವನ್ನೇ ತೆಗೆದುಕೊಳ್ಳಿ. ಮನೆಯವರಿಗೆ ತಾವೇ ಕೇಳಲು ಸಂಕೋಚ. ಆದ್ದರಿಂದ ಪಾಟೀಸವಾಲು ಬಲ್ಲ ಗೆಳೆಯನನ್ನು ಕರೆಸುತ್ತಾರೆ. ಧೃತಿಮಾನ್ ಚಟರ್ಜಿ ಆ ಪಾತ್ರವನ್ನು ಎಷ್ಟು ನಯವಾಗಿ ಆರಂಭಿಸುತ್ತಾರೆಂದರೆ ವಿಚಾರಣೆ ಶುರುವಾದದ್ದೇ ತಿಳಿಯುವುದಿಲ್ಲ. ಧರ್ಮ, ದೇವರು, ಜಾತಿ, ವಿಜ್ಞಾನ, ನರಭಕ್ಷಣೆ, ಹೀಗೆ ಮಾತು ಸಾಗುತ್ತದೆ. ಮನುಷ್ಯರನ್ನು ಒಡೆಯುವ ಯಾವುದರಲ್ಲೂ ತನಗೆ ನಂಬಿಕೆಯಿಲ್ಲ ಎನ್ನುತ್ತಾನೆ ಮನಮೋಹನ. ನಾಗರಿಕ ಮನುಷ್ಯ ಯಾರೆಂಬ ಪ್ರಶ್ನೆ ಎದ್ದಾಗ, ಬೆರಳ ತುದಿಯಲ್ಲಿ ಗುಂಡಿ ಒತ್ತಿ ಇಡೀ ನಗರವನ್ನು ಅಳಿಸಿಹಾಕಬಲ್ಲವನು ಎಂಬರ್ಥದ ಉತ್ತರ ಬರುತ್ತದೆ. ಉತ್ತರಗಳು ತೀಕ್ಷ್ಣವಾದಷ್ಟೂ ವಕೀಲನ ನಯ ಕಳಚುತ್ತದೆ. ಕೊನೆಗೆ ನೇರವಾಗಿ ಹೇಳು, ಇಲ್ಲವೇ ತೊಲಗು ಎಂಬಲ್ಲಿಗೆ ಬರುತ್ತದೆ. ಅಷ್ಟು ಹೊತ್ತು ಸುಧೀಂದ್ರ ಮತ್ತು ಅನಿಲಾ ಏನು ಮಾಡುತ್ತಿದ್ದಾರೆಂದು ಒಮ್ಮೆ ಗಮನಿಸಿ ನೋಡಿ. ಅವರು ಸುಮ್ಮನೆ ಕೂತಿದ್ದಾರೆ. ತಮ್ಮ ಮನೆಗೆ ಬಂದವರನ್ನು ತಮ್ಮ ಎದುರಿಗೇ ಅವಮಾನಿಸಲು ಬಿಟ್ಟು ಕೂತವರ ಮುಖಗಳನ್ನು ರೇ ನಮಗೆ ತೋರಿಸುತ್ತಾರೆ. ಮಾತು ಹೆಚ್ಚಾಯಿತೆಂದು ದೂರುವವರು ಈ ಮೌನವನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ನನ್ನ ಆಕ್ಷೇಪ.

ನಿವೃತ್ತ ಬ್ಯಾಂಕ್ ನೌಕರ, ಜಯನಗರ

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹದೊಂದಿಗೆ ತೋರಿಸುತ್ತಿದ್ದ ಕಾಲದಲ್ಲಿ. ಊಟವಾದ ಮೇಲಿನ ಆ ತೂಕಡಿಕೆಯಲ್ಲೂ ನನ್ನನ್ನು ನೆಟ್ಟಗೆ ಕೂರಿಸಿದ್ದು ಪಾಸ್‌ಪೋರ್ಟಿನ ಪ್ರಸಂಗ. ಅನುಮಾನವನ್ನು ಅರಿತ ಮನಮೋಹನ ತಾನೇ ಪಾಸ್‌ಪೋರ್ಟ್ ತೆಗೆದು ಸುಧೀಂದ್ರನ ಕೈಗಿಡುತ್ತಾನೆ. ಸುಧೀಂದ್ರ ನೋಡಿ ಸಮಾಧಾನಪಡುವಷ್ಟರಲ್ಲಿ, ಇದರಿಂದ ಏನೂ ಸಾಬೀತಾಗುವುದಿಲ್ಲ, ಪಾಸ್‌ಪೋರ್ಟನ್ನೂ ನಕಲು ಮಾಡಬಹುದು ಎಂದು ಅವನೇ ಹೇಳಿಬಿಡುತ್ತಾನೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕೌಂಟರಿನ ಈಚೆ ಕೂತು ಸಹಿ ತಾಳೆ ನೋಡಿ, ಭಾವಚಿತ್ರ ತಾಳೆ ನೋಡಿ, ಜನರನ್ನು ಅವರೇ ಹೌದೆಂದು ಒಪ್ಪಿಕೊಳ್ಳುತ್ತಿದ್ದ ನನಗೆ ಆ ಮಾತು ತುಸು ಹೆಚ್ಚಾಗಿಯೇ ನಾಟಿತು. ಒಮ್ಮೆ ವಯಸ್ಸಾದ ತಾಯಿಯೊಬ್ಬರು ಪಿಂಚಣಿ ಪಡೆಯಲು ಬಂದಿದ್ದರು. ಕೈ ನಡುಗಿ ಸಹಿ ಹೊಂದುತ್ತಿರಲಿಲ್ಲ. ಪ್ರತಿ ತಿಂಗಳೂ ನೋಡುತ್ತಿದ್ದ ಮುಖ; ಆದರೂ ನಾನು ಮೂರು ಸಲ ಸಹಿ ಮಾಡಿಸಿದೆ. ಮೂರನೆಯ ಸಲ ಆಕೆ ಪೆನ್ನು ಕೆಳಗಿಟ್ಟು, “ನಾನು ನಾನಲ್ಲ ಅಂತೀಯೇನಪ್ಪಾ?” ಎಂದರು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯಾಗಿಯೇ ಇತ್ತು.

ಬಸವನಗುಡಿಯವರು ಹೇಳಿದ ಪರೀಕ್ಷೆಯ ಮಾತಿಗೆ ಇದನ್ನು ಸೇರಿಸುತ್ತೇನೆ. ಶೀರ್ಷಿಕೆಯಲ್ಲೇ ಅದರ ಸುಳಿವಿದೆ. ರೇ ಮಕ್ಕಳಿಗಾಗಿ ಬರೆದ ಮೂಲ ಕತೆಯ ಹೆಸರು ‘ಅತಿಥಿ’; ಚಿತ್ರ ಮಾಡುವಾಗ ಅದನ್ನು ‘ಆಗಂತುಕ್’ ಎಂದರು. ಕನ್ನಡದಲ್ಲೂ ಈ ಎರಡು ಪದಗಳ ನಡುವಿನ ಅಂತರ ನಮಗೆ ಚೆನ್ನಾಗಿ ಗೊತ್ತು. ಅತಿಥಿಗೆ ಮಣೆ ಹಾಕುತ್ತೇವೆ, ಆಗಂತುಕನನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತೇವೆ. ಬರುವ ಮನುಷ್ಯ ಒಬ್ಬನೇ. ಯಾವ ಪದ ಬಳಸಬೇಕೆಂಬುದನ್ನು ಮನೆಯವರು ನಿರ್ಧರಿಸುತ್ತಾರೆ. ಬಂದವರನ್ನು ಕುಳ್ಳಿರೆಂದರೆ ನೆಲ ಕುಳಿಬಿದ್ದು ಹೋಗುವುದೇ ಎಂದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದ್ದರು. ಸುಧೀಂದ್ರನ ಮನೆಯಲ್ಲಿ ಕುಳ್ಳಿರೆಂದು ಹೇಳುತ್ತಾರೆ, ಊಟವನ್ನೂ ಬಡಿಸುತ್ತಾರೆ. ಕಣ್ಣು ಮಾತ್ರ ಕಪಾಟಿನ ಮೇಲಿರುತ್ತದೆ.

ನಮ್ಮ ಮಗನ ಅಪಾರ್ಟ್‌ಮೆಂಟಿನಲ್ಲಿ ಈಗ ನನ್ನನ್ನೂ ಗೇಟಿನಲ್ಲಿ ನಿಲ್ಲಿಸುತ್ತಾರೆ. ಹೆಸರು, ಫೋನ್ ನಂಬರ್, ಯಾವ ಮನೆ, ಯಾಕೆ ಬಂದಿರಿ. ಮೇಲಿನಿಂದ ಸೊಸೆ ಫೋನಿನಲ್ಲಿ ಒಪ್ಪಿಗೆ ಒತ್ತುವವರೆಗೆ ಕಾವಲುಗಾರನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತೇನೆ. ಕಾವಲುಗಾರನ ತಪ್ಪೇನೂ ಇಲ್ಲ, ಅವನು ನನ್ನ ಹಳೆಯ ಕೆಲಸವನ್ನೇ ಮಾಡುತ್ತಿದ್ದಾನೆ.

ಹೊಸ ಪ್ರೇಕ್ಷಕ, ಯಲಹಂಕ

ಹಿರಿಯರಿಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ, ಆದರೂ ನನ್ನ ಎರಡು ತಕರಾರುಗಳನ್ನು ಹೇಳಲೇಬೇಕಾಗಿದೆ. ಮೊದಲನೆಯದು, ಈ ಚಿತ್ರದಲ್ಲಿ ವಾದ ಸಮಬಲದ್ದಲ್ಲ. ಮನಮೋಹನನಿಗೆ ಶೇಕ್ಸ್‌ಪಿಯರ್, ಮಾರ್ಕ್ಸ್, ಫ್ರಾಯ್ಡ್, ರವೀಂದ್ರನಾಥ ಎಲ್ಲರೂ ಕೈಗೆಟುಕುತ್ತಾರೆ. ಹರಟೆಯೆಂಬುದು ಬಂಗಾಳಿಗಳದೇ ಸೃಷ್ಟಿ ಎಂದು ರವಿ ಘೋಷ್ ಅವರ ಪಾತ್ರ ಹೆಮ್ಮೆಪಟ್ಟರೆ ತಕ್ಷಣ ಪ್ರಾಚೀನ ಗ್ರೀಸಿನ ವ್ಯಾಯಾಮಶಾಲೆಗಳಲ್ಲಿ ಸಾಕ್ರಟೀಸನಂಥವರು ನಡೆಸುತ್ತಿದ್ದ ಸಂವಾದಗಳ ಉದಾಹರಣೆ ಸಿದ್ಧವಾಗಿರುತ್ತದೆ. ಎದುರಿಗಿರುವವರಿಗೆ ನಿರ್ದೇಶಕರು ಕೊಟ್ಟಿರುವುದು ಬರೀ ಪೂರ್ವಗ್ರಹ. ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿರುವ ಪಂದ್ಯವನ್ನು ನೋಡುವಾಗ ಆಗುವ ಸಣ್ಣ ಬೇಸರ ನನಗೆ ಅಲ್ಲಿ ಆಯಿತು.

ಎರಡನೆಯದು ಇನ್ನೂ ಮುಖ್ಯವಾದದ್ದು. ಸ್ಪೇನಿನ ಆಲ್ಟಮೀರಾ ಗುಹೆಯ ಕಾಡುಕೋಣದ ಚಿತ್ರವನ್ನು ಕಂಡು, ಇಂಥದ್ದನ್ನು ಯಾವ ಕಲಾಶಾಲೆಯೂ ಕಲಿಸಲಾರದೆಂದು ಅರಿತು, ಮನಮೋಹನ ಮನೆ ಬಿಟ್ಟು ಹೊರಟವನು. ಆದಿಮ ಬದುಕಿನ ಬಗೆಗಿನ ಅವನ ಗೌರವ ಪ್ರಾಮಾಣಿಕವೇ ಇರಬಹುದು. ಆದರೆ ಚಿತ್ರದ ಕೊನೆಯ ಭಾಗದಲ್ಲಿ ಬರುವ ಸಂತಾಲ ಬುಡಕಟ್ಟಿನವರು ಒಂದು ಮಾತನ್ನಾದರೂ ಆಡುತ್ತಾರೆಯೇ? ಅವರು ಸಾಲಾಗಿ ನಿಂತು ಕುಣಿಯುತ್ತಾರೆ, ಪೇಟೆಯಿಂದ ಬಂದ ಅನಿಲಾಳ ಮನಸ್ಸು ಹಗುರಾಗುತ್ತದೆ. ಅವರ ಬದುಕಿನ ಪರವಾಗಿ ಅಷ್ಟು ಹೊತ್ತು ವಾದಿಸಿದ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಹಿನ್ನೆಲೆಯ ಸ್ಥಾನ. ನಾನು ಎಚ್.ಡಿ. ಕೋಟೆ ಕಡೆಯವನು, ಶಾಲೆಯ ಕಾರ್ಯಕ್ರಮಗಳಲ್ಲಿ ಹಾಡಿಯ ಹುಡುಗರನ್ನು ಕರೆಸಿ ಕುಣಿಸಿ, ಊಟ ಹಾಕಿ ಕಳುಹಿಸುವುದನ್ನು ನೋಡುತ್ತಲೇ ಬೆಳೆದವನು. ಆದ್ದರಿಂದ ಆ ದೃಶ್ಯದಲ್ಲಿ ನಿಮ್ಮಂತೆ ಕರಗಲು ನನಗೆ ಸಾಧ್ಯವಾಗಲಿಲ್ಲ.

ರಂಗಾಸಕ್ತೆ, ಮಲ್ಲೇಶ್ವರ

ಯಲಹಂಕದವರ ಎರಡನೆಯ ತಕರಾರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅದು ನಿಲ್ಲುವಂಥ ತಕರಾರು. ಮೊದಲನೆಯದಕ್ಕೆ ಮಾತ್ರ ನಾಟಕದವಳಾಗಿ ಒಂದು ವಿವರಣೆ ಕೊಡುತ್ತೇನೆ. ಕಾಗದದ ಮೇಲೆ ಆ ವಾದ ಒಂದೇ ಕಡೆ ವಾಲಿರುವುದು ನಿಜ. ಆದರೆ ಮನಮೋಹನನ ಪಾತ್ರ ಮಾಡಿದ ಉತ್ಪಲ್ ದತ್ ಅದನ್ನು ಗೆಲ್ಲುವವನ ಹಾಗೆ ಆಡಿಲ್ಲ. ಹಿಂದಿಯ ‘ಗೋಲ್‌ಮಾಲ್’ ನೋಡಿದವರಿಗೆ ಅವರ ಸ್ವರ ಎಷ್ಟೆತ್ತರಕ್ಕೆ ಏರಬಲ್ಲದೆಂದು ಗೊತ್ತಿರುತ್ತದೆ. ರೇ ಅವರದೇ ‘ಹೀರಕ್ ರಾಜಾರ್ ದೇಶೆ’ಯಲ್ಲಿ ಅವರು ಸಿಂಹಾಸನದ ಮೇಲೆ ಕೂತು ಅಬ್ಬರಿಸಿದ ದೊರೆ. ಬೀದಿಯ ರಾಜಕೀಯ ನಾಟಕದಿಂದ ದೊಡ್ಡ ರಂಗದವರೆಗೆ ದುಡಿದ ಆ ದೇಹ ಇಲ್ಲಿ ಕುರ್ಚಿಯಲ್ಲಿ ಒರಗಿ, ಕೈಗಳನ್ನು ಹೆಚ್ಚು ಆಡಿಸದೆ, ವಾಕ್ಯದ ಕೊನೆಯಲ್ಲಿ ದನಿಯನ್ನು ಇಳಿಸುತ್ತದೆ. ಕಾಡಿನ ಮನುಷ್ಯನಾಗಲು ತನ್ನಿಂದ ಆಗಲಿಲ್ಲ, ಅದೇ ತನ್ನ ದೊಡ್ಡ ವಿಷಾದ ಎಂದು ಅವನು ಒಪ್ಪಿಕೊಳ್ಳುವ ಮಾತನ್ನು ಗಮನಿಸಿ. ಓದಿದ್ದೆಲ್ಲ ರಕ್ತದಲ್ಲಿ ಇಳಿದುಹೋಗಿದೆ, ಹಿಂದಕ್ಕೆ ಹೋಗುವ ದಾರಿ ಮುಚ್ಚಿದೆ. ಯಲಹಂಕದವರು ಆಯುಧಗಳ ಪಟ್ಟಿಯೆಂದು ಕಂಡ ಶೇಕ್ಸ್‌ಪಿಯರ್, ಮಾರ್ಕ್ಸ್, ಫ್ರಾಯ್ಡ್ ಅವನ ಪಾಲಿಗೆ ಸೋಲಿನ ಪಟ್ಟಿ.

ಇನ್ನು ಹಾಡು. ಮನಮೋಹನ ತಾನೇ ಒಂದು ಕೀರ್ತನೆಯ ಸಾಲನ್ನು ಗುನುಗುತ್ತಾನಲ್ಲ, ಆ ಕಂಠ ದತ್ ಅವರದಲ್ಲ, ಸ್ವತಃ ರೇ ಅವರದು. ಇದು ಗೊತ್ತಿಲ್ಲದೆ ಮೊದಲ ಸಲ ನೋಡಿದ್ದೆ; ಗೊತ್ತಾದ ಮೇಲೆ ನೋಡಿದಾಗ ಮೈ ಜುಮ್ಮೆಂದಿತು. ವಯಸ್ಸಾದ, ಪಳಗದ, ಉಸಿರು ಅಳೆದು ಬಳಸುವ ಕಂಠ. ಕತೆ, ಚಿತ್ರಕತೆ, ಸಂಗೀತ, ನಿರ್ದೇಶನ ಎಲ್ಲವೂ ತನ್ನದೇ ಆಗಿದ್ದ ಮನುಷ್ಯ ಕಟ್ಟಕಡೆಯ ಚಿತ್ರದಲ್ಲಿ ತನ್ನ ದನಿಯನ್ನೂ ಪಾತ್ರದ ಬಾಯಿಗೆ ಕೊಟ್ಟು ಹೋದ. ಚಿತ್ರ ಬಂದ ಮರುವರ್ಷವೇ ರೇ ಹೋದರು, 1993ರ ಆಗಸ್ಟಿನಲ್ಲಿ ದತ್ ಕೂಡ ಹೋದರು. ಈಗ ಆ ದೃಶ್ಯ ನೋಡುವಾಗ ತುಟಿ ಒಬ್ಬರದು, ದನಿ ಇನ್ನೊಬ್ಬರದು, ಇಬ್ಬರೂ ಇಲ್ಲ.

ಅನಿಲಾ ಪಾತ್ರದ ಮಮತಾ ಶಂಕರ್ ಬಗ್ಗೆ ಯಾರೂ ಬರೆಯಲಿಲ್ಲವೆಂಬುದು ನನಗೆ ಸೋಜಿಗ. ಉದಯ ಶಂಕರ್ ಮತ್ತು ಅಮಲಾ ಶಂಕರ್ ಅವರ ಮಗಳು, ಹುಟ್ಟಿನಿಂದಲೇ ನೃತ್ಯದ ಮನೆಯವರು. ಅಂಥವರನ್ನು ತಂದು ರೇ ಮುಕ್ಕಾಲು ಪಾಲು ಚಿತ್ರದಲ್ಲಿ ಕುರ್ಚಿಯ ಅಂಚಿಗೆ ಕೂರಿಸಿದ್ದಾರೆ. ಸೆರಗು ಸರಿಮಾಡಿಕೊಳ್ಳುತ್ತ, ಗಂಡನ ಮುಖವನ್ನೊಮ್ಮೆ ಮಾವನ ಮುಖವನ್ನೊಮ್ಮೆ ನೋಡುತ್ತ ಅವರು ದೇಹವನ್ನು ಹಿಡಿದಿಟ್ಟುಕೊಂಡ ಬಗೆಯನ್ನು ಗಮನಿಸಿದ್ದರೆ ಸಂತಾಲರ ಸಾಲಿಗೆ ಸೇರುವಾಗಿನ ಆ ಮೊದಲ ಹೆಜ್ಜೆಯ ಅರ್ಥ ತಿಳಿಯುತ್ತದೆ. ಹಿಂಜರಿಯುತ್ತಾಳೆ, ಹೋಗುತ್ತಾಳೆ, ಒಂದೆರಡು ಸುತ್ತು ತಪ್ಪುತ್ತಾಳೆ, ಆಮೇಲೆ ಲಯ ಸಿಗುತ್ತದೆ. ಅದನ್ನು ನೋಡಿದ ಮನಮೋಹನ, ಇವಳು ನನ್ನ ಸೊಸೆಯೇ ಹೌದೋ ಎಂದು ನನಗೂ ಅನುಮಾನವಿತ್ತು, ಈಗ ಇಲ್ಲ ಎಂಬರ್ಥದ ಮಾತನಾಡುತ್ತಾನೆ. ಬಸವನಗುಡಿಯವರು ಕೇಳಿದ ಪ್ರಶ್ನೆಗೆ ಚಿತ್ರವೇ ಕೊಟ್ಟ ಉತ್ತರ ಇದು. ಪರೀಕ್ಷೆ ನಡೆಸುತ್ತಿದ್ದವನು ಮಾವ.

ಬಸವನಗುಡಿ ವಾಸಿ

ಮಲ್ಲೇಶ್ವರದವರು ಹೇಳಿದ ಆ ಮಾತು ನನ್ನ ಕೈತಪ್ಪಿ ಹೋಗಿತ್ತು, ಕೃತಜ್ಞತೆಗಳು. ಯಲಹಂಕದವರ ತಕರಾರನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಸಂತಾಲರಿಗೆ ಮಾತಿಲ್ಲವೆಂಬುದು ನಿಜವಾದ ಕೊರತೆ. ಅದನ್ನು ಆರೋಗ್ಯದ ಲೆಕ್ಕಕ್ಕೆ ಬರೆದು ತೇಲಿಸಲು ಹೋದರೆ ನಾನೇ ವಿರೋಧಿಸಿದ ರಿಯಾಯಿತಿಯನ್ನು ನಾನೇ ಕೇಳಿದಂತಾಗುತ್ತದೆ. ಒಪ್ಪಿಕೊಂಡಿದ್ದೇನೆ.

ಕೊನೆಯ ಚಿತ್ರ ಎಂಬ ಮಾತಿನ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕೆನಿಸುತ್ತದೆ. ಎಲ್ಲ ಕೊನೆಯ ಚಿತ್ರಗಳೂ ವಿದಾಯವೆಂದು ಗೊತ್ತಿದ್ದು ಮಾಡಿದವಲ್ಲ. ನಮ್ಮ ಪುಟ್ಟಣ್ಣ ಕಣಗಾಲ್ 1985ರ ಜೂನ್ 5ರಂದು ತೀರಿಕೊಂಡಾಗ ‘ಮಸಣದ ಹೂವು’ ಇನ್ನೂ ಪೂರ್ಣವಾಗಿರಲಿಲ್ಲ. ಅದನ್ನು ಮುಗಿಸಿದವರು ಕೆ.ಎಸ್.ಎಲ್. ಸ್ವಾಮಿ. ಅಲ್ಲಿ ಎಲ್ಲಿಯವರೆಗೆ ಪುಟ್ಟಣ್ಣನವರ ಕೈ, ಎಲ್ಲಿಂದ ಗೆಳೆಯನ ಕೈ ಎಂದು ಹುಡುಕುತ್ತ ನೋಡುವ ದುಃಖವೇ ಬೇರೆ. ರೇ ಅವರಿಗೆ ಆ ಭಾಗ್ಯವಾದರೂ ಇತ್ತು. ಚಿತ್ರ ಪೂರ್ಣವಾಯಿತು, ಆ ವರ್ಷದ ಅತ್ಯುತ್ತಮ ಚಿತ್ರ ಮತ್ತು ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಗಳು ಅದಕ್ಕೇ ಬಂದವು. ಆದರೂ ಒಂದು ಲೆಕ್ಕ ನನ್ನನ್ನು ಬಿಡುವುದಿಲ್ಲ. ಮನಮೋಹನ ಊರು ಬಿಟ್ಟು ಮೂವತ್ತೈದು ವರ್ಷ. ಚಿತ್ರದ ಕಾಲದಿಂದ ಹಿಂದಕ್ಕೆ ಎಣಿಸಿದರೆ ಸುಮಾರು ‘ಪಥೇರ್ ಪಾಂಚಾಲಿ’ ತೆರೆಕಂಡ 1955ರ ಆಸುಪಾಸಿಗೆ ಬಂದು ನಿಲ್ಲುತ್ತೇವೆ. ಸಿನಿಮಾ ಎಂಬ ದೇಶಾಂತರಕ್ಕೆ ಹೊರಟಿದ್ದವನೊಬ್ಬ ಅಷ್ಟೇ ವರ್ಷಗಳ ಬಳಿಕ ಮನೆಗೆ ಮರಳಿ, ಉಳಿದದ್ದನ್ನು ಹಂಚಿ ಮತ್ತೆ ಹೊರಟನೆಂದು ಓದುವುದು ನನ್ನ ಕಲ್ಪನೆಯೇ ಆಗಿರಬಹುದು. ಬಿಡಿ, ಇರಲಿ.

ಹಂಚಿದ್ದು ಎಂದೆನಲ್ಲ, ಆ ಲಕೋಟೆಯ ಬಗ್ಗೆ ಒಂದು ಮಾತು. ಹೊರಡುವಾಗ ಆತಿಥ್ಯಕ್ಕೆ ಸಣ್ಣ ಕಾಣಿಕೆಯೆಂದು ಅನಿಲಾಳ ಕೈಗೆ ಒಂದು ಲಕೋಟೆ ಕೊಡುತ್ತಾನೆ. ಅವನು ಹೋದ ಮೇಲೆ ತೆರೆದು ನೋಡಿದರೆ ಪಿತ್ರಾರ್ಜಿತದಲ್ಲಿನ ಅವನ ಪಾಲು ಪೂರ್ತಿ ಅದರಲ್ಲಿದೆ. ಯಾವ ಆಸ್ತಿಗಾಗಿ ಬಂದಿದ್ದಾನೆಂದು ಶಂಕಿಸಿದ್ದರೋ ಅದೇ ಆಸ್ತಿ. ನಮ್ಮ ಕೂಟದಲ್ಲಿ ಒಬ್ಬರು ಇದನ್ನು ಸುಖಾಂತ್ಯವೆಂದರು. ನನಗೆ ಹಾಗೆ ಕಾಣಲಿಲ್ಲ. ಅವನು ಕೋಪಿಸಿಕೊಂಡು ಹೋಗಿದ್ದರೆ ಅವರಿಗೆ ಸಮಾಧಾನಪಡಿಸುವ ಅವಕಾಶವಿರುತ್ತಿತ್ತು. ಕ್ಷಮೆ ಕೇಳಿ ಋಣ ತೀರಿಸಬಹುದಿತ್ತು. ಹಣ ಕೈಯಲ್ಲಿದೆ, ಕೊಟ್ಟವನು ದೂರ ಹೋಗಿಯಾಗಿದೆ.

ಹೊಸ ಪ್ರೇಕ್ಷಕ, ಯಲಹಂಕ

ಲಕೋಟೆಯ ಬಗ್ಗೆ ಹೀಗೆ ಯೋಚಿಸಿರಲಿಲ್ಲ, ಮತ್ತೊಮ್ಮೆ ನೋಡುತ್ತೇನೆ. ಸಂತಾಲರ ವಿಷಯದಲ್ಲಿ ನನ್ನ ಮಾತು ಹಾಗೆಯೇ ಇರುತ್ತದೆ.

ಮಾಧ್ಯಮಿಕ ಶಾಲೆಯ ಶಿಕ್ಷಕಿ, ವಿಜಯನಗರ

ಎಲ್ಲರೂ ದೊಡ್ಡವರ ಬಗ್ಗೆಯೇ ಬರೆದಿರಿ. ಹುಡುಗನನ್ನು ಬಿಟ್ಟಿರಿ. ಸಾತ್ಯಕಿ ಮತ್ತು ಅವನ ಗೆಳೆಯರಿಗೆ ಮನಮೋಹನ ಬಯಲಿನಲ್ಲಿ ಕೂತು ಗ್ರಹಣದ ಸೋಜಿಗವನ್ನು ವಿವರಿಸುತ್ತಾನೆ. ಆಕಾಶದಲ್ಲಿ ಸೂರ್ಯಬಿಂಬವೂ ಚಂದ್ರಬಿಂಬವೂ ಕಣ್ಣಿಗೆ ಒಂದೇ ಗಾತ್ರದವಾಗಿ ಕಾಣುವುದು ಎಂಥ ವಿಚಿತ್ರ ಎಂಬುದು ಅವನ ಪಾಠ. ಸೂರ್ಯನ ವ್ಯಾಸ ಚಂದ್ರನ ವ್ಯಾಸಕ್ಕಿಂತ ಸುಮಾರು 400 ಪಟ್ಟು ದೊಡ್ಡದು, ದೂರವೂ ಸುಮಾರು ಅಷ್ಟೇ ಪಟ್ಟು ಹೆಚ್ಚು. ಅದರಿಂದಲೇ ಚಂದ್ರ ಸೂರ್ಯನನ್ನು ಮುಚ್ಚಬಲ್ಲ. ನಾನು ಏಳನೆಯ ತರಗತಿಗೆ ಇದನ್ನು ಪಠ್ಯದಲ್ಲಿದ್ದಂತೆ ಮೂರು ವೃತ್ತ ಬರೆದು ಹೇಳಿಕೊಡುತ್ತಿದ್ದೆ. ಚಿತ್ರ ನೋಡಿದ ಮರುವರ್ಷ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ರೂಪಾಯಿ ನಾಣ್ಯ ಕೈಯಲ್ಲಿ ಹಿಡಿಸಿ, ಒಂದು ಕಣ್ಣು ಮುಚ್ಚಿ ಶಾಲೆಯ ನೀರಿನ ಟ್ಯಾಂಕನ್ನು ಮರೆಮಾಡಿರೆಂದೆ. ತೋಳು ಚಾಚಿದರೆ ಟ್ಯಾಂಕು ಇಣುಕುತ್ತಿತ್ತು, ಹತ್ತಿರ ತಂದರೆ ಮಾಯವಾಗುತ್ತಿತ್ತು.

ಆ ಹುಡುಗನಿಂದ ಮನಮೋಹನ ಪಡೆಯುವ ಮಾತು ಒಂದೇ, ಕೂಪಮಂಡೂಕನಾಗಬಾರದೆಂಬುದು. ಬಂಗಾಳಿಯಲ್ಲೂ ಅದೇ ಪದ, ಕನ್ನಡದಲ್ಲೂ ಅದೇ ಪದ. ಅಡಿಬರಹ ಓದುವ ಅಗತ್ಯವೇ ಬೀಳಲಿಲ್ಲ. ದೊಡ್ಡವರು ಪಾಸ್‌ಪೋರ್ಟ್ ನೋಡಿದರು, ವಕೀಲನನ್ನು ಕರೆಸಿದರು, ಕೊನೆಗೆ ಲಕೋಟೆಯನ್ನೂ ತೆರೆದರು. ಹುಡುಗ ಬಂದವರನ್ನು ಮೊದಲ ದಿನವೇ ಅಜ್ಜನೆಂದು ಒಪ್ಪಿ, ಅವರ ಪಕ್ಕ ಕೂತು ಚೀಲದಲ್ಲಿ ಏನಿದೆಯೆಂದು ಕೇಳಿದ್ದ.